ಬಾಗಿಲಿಗಿಂತ ಅಗಲದ ಗುಡಾಣ

ಖಸಬ್ ಬಂದರಿನಿಂದ ಜೀಪು ಎರಡು ತಾಸು ಸುತ್ತಿ ಸುತ್ತಿ ಏರಿ
ಉಸಿರು ಬಿಟ್ಟ ಜಾಗ.
ಕೆಳಗೆ ಡಿಸೆಂಬರಿಗೂ ಫ್ಯಾನು.
ಇಲ್ಲಿ ಯಂಕೋಬ ಮಫ್ಲರು ಸುತ್ತಿಕೊಂಡು
ಚಾಣ ಹಿಡಿದ ಬೆರಳಿಗೆ ಬಾಯಿಂದ ಬಿಸಿ ಊದುತ್ತಾನೆ.

ಮನೆಯೆಂದರೆ, ಬೆಟ್ಟವೇ ಕುಕ್ಕರಗಾಲಲ್ಲಿ ಕೂತಂತೆ.
ಅರ್ಧ ನೆಲದೊಳಗೆ, ಅರ್ಧ ಮೇಲೆ.
ಗಾರೆಯಿಲ್ಲ. ಕಲ್ಲಿಗೆ ಕಲ್ಲೇ ಭಾರ, ಕಲ್ಲೇ ಆಸರೆ.
ಒಂದೊಂದು ಹಾಸುಗಲ್ಲೂ ಎಂಟಾಳಿನ ಹೊರೆ;
ಎತ್ತಿದವರ ಸೊಂಟ ನೆನೆದು
ನನ್ನ ಸೊಂಟ ನೋಯುತ್ತದೆ.

ಬೀಗದ ಮನೆ ಎನ್ನುತ್ತಾರೆ ಇದಕ್ಕೆ.
ಚಳಿಗೆ ಮೇಲೆ ಬಂದು ಬಾರ್ಲಿ ಬಿತ್ತಿ, ಕೊಯ್ದು, ತುಂಬಿಟ್ಟು,
ಬೇಸಿಗೆಗೆ ಮೀನಿಗೂ ಖರ್ಜೂರಕ್ಕೂ ಕಡಲಿಗಿಳಿಯುವಾಗ
ಮೊಳದುದ್ದದ ಕೀಲಿ ತಿರುಗಿಸಿ ಹೋಗುತ್ತಿದ್ದರಂತೆ.

ಮನೆ ಕಟ್ಟಿ ನೋಡು ಅಂದವರು
ಇನ್ನೊಬ್ಬರು ಕಟ್ಟಿದ್ದನ್ನು ಬಿಚ್ಚಿ ನೋಡು ಅಂದಿರಲಿಲ್ಲ.
ಕಲ್ಲುಕಲ್ಲಿಗೂ ಸೀಮೆಸುಣ್ಣದ ನಂಬರು.
ನಜ್ವಾ ಮೇಡಮ್ಮು ಅರಬಿಯಲ್ಲಿ ಬರೆದರೆ
ಪಕ್ಕದಲ್ಲಿ ನಾನು ಕನ್ನಡದಲ್ಲಿ: ೪೧. ೪೨. ೪೩.
ಮರಳಿ ಜೋಡಿಸುವಾಗ ಅಂಕಿ ಒಳಮುಖ.
ಇನ್ನು ಯಾರೂ ಓದುವುದಿಲ್ಲ ಅದನ್ನು, ಹಲ್ಲಿಯ ಹೊರತು.

ಮಾಡು ತೆಗೆದ ದಿನ ಒಳಗೆ ಬಿಸಿಲು ಬಿತ್ತು.
ಮೂಲೆಯಲ್ಲಿ ಗುಡಾಣ,
ನಮ್ಮ ಕಡೆಯ ಹಗೇವು ನೆಲದಿಂದ ಎದ್ದು ನಿಂತ ಹಾಗೆ.
ಯಂಕೋಬ ಗೇಣು ಹಾಕಿದ. ಬಾಗಿಲು ಮೂರು, ಗುಡಾಣ ಐದು.
"ಒಳಗ ಹೆಂಗ ಬಂತಲೇ ಇದು?"
ಮುದುಕ ಮುಸಬ್ಬಹ್ ನಕ್ಕ, ಬಂದರಿನ ಹಿಂದಿಯಲ್ಲಿ ಹೇಳಿದ:
ಗುಡಾಣ ಮೊದಲು, ಗೋಡೆ ಆಮೇಲೆ.
ಕಳ್ಳ ಬಂದರೆ ಹೊಟ್ಟೆ ತುಂಬ ತಿಂದಾನು,
ಹೊತ್ತೊಯ್ಯಲಾರ.

ಮಸ್ಕತ್ತಿನಿಂದ ಫೋನು ಬಂತು.
ಮ್ಯೂಸಿಯಮ್ಮಿಗೆ ಗುಡಾಣ ಬೇಕು. ಮಾಡು ಹೇಗೂ ತೆರೆದಿದೆ,
ಭಾನುವಾರ ಕ್ರೇನು ಬರುತ್ತದೆ, ಎತ್ತಿಬಿಡಿ.
ಮುಸಬ್ಬಹ್ ಏನೂ ಅನ್ನಲಿಲ್ಲ.
ಗುಡಾಣದ ಬಾಯಿಯ ಧೂಳನ್ನು ಅಂಗೈಯಿಂದ ಒರೆಸಿ
ಆಡುಗಳ ಕಡೆ ಹೋದ.

ನಮ್ಮ ಪಾಸ್‌ಪೋರ್ಟುಗಳಿರುವುದು ಸೊಹಾರಿನ ಆಫೀಸಿನಲ್ಲಿ,
ಕಬ್ಬಿಣದ ಕಪಾಟಿನೊಳಗೆ.
ಆ ಕಪಾಟನ್ನು ಯಾವ ಬಾಗಿಲಿಂದ ಒಳಗೆ ತಂದರೋ
ಆ ರಾತ್ರಿಯೇ ಮೊದಲು ಯೋಚಿಸಿದ್ದು.

ಶುಕ್ರವಾರ ರಜೆ. ಅಂದೇ ಮೇಡಮ್ಮಿಗೆ ಹೇಳಿದೆ,
ಮಳೆ ಬರೋ ಹಾಗಿದೆ, ಮುಚ್ಚದಿದ್ದರೆ ಗೋಡೆ ಕೂರುತ್ತದೆ.
ಆಕೆ ತಲೆಯೆತ್ತಿ ನೋಡಿದಳು.
ಹಾರ್ಮುಜಿನವರೆಗೂ ಒಂದು ಚೂರು ಮೋಡವಿಲ್ಲ.
ತುಂಬ ಹೊತ್ತು ನೋಡಿದಳು.
ಹೌದು, ಅಂದಳು, ಮಳೆಯ ಹಾಗೇ ಇದೆ.

ಎರಡು ಹಗಲು, ಎರಡು ರಾತ್ರಿ.
ಡ್ರೈವರ್ ಗುಲ್‌ಶೇರ್ ಜೀಪಿನ ದೀಪ ಹಚ್ಚಿಟ್ಟ.
ಜಾಲಿ ತೊಲೆ, ಅದರ ಮೇಲೆ ಹಾಸುಗಲ್ಲು, ಮಣ್ಣು, ಜಲ್ಲಿ.
ಐಸಾ, ಐಸಾ. ಬಲೂಚಿ ಬೈಗುಳಕ್ಕೆ ಗುಳೇದಗುಡ್ಡದ ಬೈಗುಳ.
ದೂರ ಕೆಳಗೆ ಹಡಗುಗಳ ಸಾಲು ದೀಪ
ನಮ್ಮನ್ನು ನೋಡಲೂ ಇಲ್ಲ.

ಭಾನುವಾರ ಕ್ರೇನು ಬಂತು. ತಿರುಗಿ ಹೋಯಿತು.

ಮುಸಬ್ಬಹ್ ಕೀಲಿ ಹಾಕಿದಾಗ ಮೊದಲು ತಿರುಗಲಿಲ್ಲ.
ಉಗುಳಿ ಹಾಕಿದ. ತಿರುಗಿತು.
ಇಳಿಜಾರಿನಲ್ಲಿ ಜೀಪು ಅರ್ಧ ದಾರಿ ಬಂದಮೇಲೆ
ಯಂಕೋಬ ಕೊರಳು ಮುಟ್ಟಿಕೊಂಡ.
ಮಫ್ಲರು ಗುಡಾಣದೊಳಗೇ ಉಳಿದಿತ್ತು.
ಮರೆತನೋ ಇಟ್ಟನೋ, ಕೇಳಲಿಲ್ಲ.
ಕೆಳಗೆ ಅದು ಬೇಕಾಗುವುದೂ ಇಲ್ಲ.