ಹೆಬ್ಬಸೆಯ ಸೊನ್ನೆ

ಡಿಸೆಂಬರ್ ಮುಗಿಯುವ ಮೊದಲೇ ಪಟ್ಟಿ ಬೇಕಂತೆ.
ಯಾವ ಊರಿಗೆ ಎಷ್ಟು ಬಾಟಲಿ ಎಣ್ಣೆ,
ಮಂಗನ ಕಾಯಿಲೆ ಹಿಂದೆ ಎಲ್ಲೆಲ್ಲಿ ಬಂದಿತ್ತು,
ಕಂಪ್ಯೂಟರನ್ನೇ ಕೇಳಿ ಹೇಳಮ್ಮ, ಎಂದರು ಸಾಹೇಬರು
ಜೀಪು ಹತ್ತುತ್ತಾ.

ಕೇಳಿದೆ.
ಶಿವಮೊಗ್ಗದ ಈ ಹಿಂದಿನ ಕೋಣೆಯಲ್ಲಿ ಕೂತು,
ಕಿಟಕಿಯಾಚೆ ಸಿಟಿ ಬಸ್ಸಿನವ
ಗೋಪಾಳ ಗೋಪಾಳ ಎಂದು ಕೂಗುತ್ತಿದ್ದಾಗ,
ಒಂಬತ್ತು ಸಾಲಿನ ಪ್ರಶ್ನೆ. ಏಳನೆಯದು ಹೀಗೆ:

//ರೋಗಿ[ಊರು=‘ಹೆಬ್ಬಸೆ’

ಏಳನೇ ಸಾಲು, ಹತ್ತನೇ ಅಕ್ಷರ, ವಾಕ್ಯದೋಷ.
ಇಷ್ಟೇ ಅದರ ಮಾತು.
ಎಡವಿದ ಜಾಗ ಹೇಳುತ್ತದೆ,
ಕಲ್ಲು ಯಾವುದೆಂದು ನಾವೇ ಬಗ್ಗಿ ನೋಡಬೇಕು.

ಶಾಕಿರಾ ವಾಟ್ಸಾಪಿನಲ್ಲಿ ಕಳಿಸಿದ್ದನ್ನು ಹಾಗೇ ಅಂಟಿಸಿದ್ದೆ.
ಉದ್ಧರಣ ಚಿಹ್ನೆಗಳು ಸೊಟ್ಟಗಿದ್ದವು,
ಅಪ್ಪೆಮಿಡಿಯ ತೊಟ್ಟಿನ ಹಾಗೆ.
ನೆಟ್ಟಗೆ ಮಾಡಿದೆ.
ಆಗ ಒಂಬತ್ತನೇ ಸಾಲಿನ ತಕರಾರು:
ತೆರೆದ ಚೌಕ ಮುಚ್ಚಿಲ್ಲ.
ಮುಚ್ಚಿದೆ. ಅವಸರಕ್ಕೆ ಒಂದು ಹೆಚ್ಚೇ ಮುಚ್ಚಿದೆ.
ಅದಕ್ಕೂ ಬೈಸಿಕೊಂಡೆ.

ಊಟದ ಹೊತ್ತಿಗೆ ಕೆಂಪು ಗೆರೆಗಳೆಲ್ಲ ಹೋದವು.
ದೋಷವಿಲ್ಲ.
ಉತ್ತರ: 0.

ಟಿ.ಎ. ಬಿಲ್ಲಿಗೆಂದು ಬಂದು
ಬಾಗಿಲಲ್ಲೇ ನಿಂತಿದ್ದ ಗುತ್ಯಮ್ಮ
ಸೊನ್ನೆಯಾ? ಅಂದಳು.
ನಮ್ಮ ಬೀದಿಯಲ್ಲೇ ನಾಕು ಜನ.
ಸೊಪ್ಪಿಗೆ ಹೋದವರು. ರಿಜಿಸ್ಟರ್ ಬರೆದವಳು ನಾನು.

ಬೈಯುತ್ತಿದ್ದಾಗಲೇ ವಾಸಿಯಿತ್ತು ಈ ಯಂತ್ರ.
ಈಗ ಮರ್ಯಾದೆಯಿಂದ ಇಲ್ಲ ಎನ್ನುತ್ತಿದೆ,
ಇಲ್ಲ ಎಂದರೆ ಎಣ್ಣೆಯೂ ಇಲ್ಲ.

ಗುತ್ಯಮ್ಮ ಸ್ಟೂಲೆಳೆದು ಕೂತಳು.
ಕಾಡಿಂದ ಬಂದವರ ಮೈ ನೋಡೋವಾಗ
ಕಣ್ಣು ನೆಚ್ಚಬಾರದು ಕಣೇ, ಬೆರಳಾಡಿಸಬೇಕು.
ಮರಿ ಉಣುಗು ಕಾಣಲ್ಲ.
ಕಿವಿ ಹಿಂದೆ, ಮಂಡಿ ಹಿಂದೆ, ಮಡಿಕೆ ಇರೋ ಕಡೆ.

ನನಗೆ ಬೆರಳೆಂದರೆ ಬಾಣದ ಕೀಲಿ.
ಹಳೆಯ ಕಡತ ತೆರೆದು ಒತ್ತುತ್ತಾ ಹೋದೆ.
ಹೆ.
ಬ್ಬ.
ಸೆ.
ಮತ್ತೊಮ್ಮೆ ಒತ್ತಿದೆ.
ಕರ್ಸರ್ ಕದಲಲಿಲ್ಲ.

ಅಲ್ಲಿತ್ತು.
ಹಳೇ ಫಾಂಟಿನಿಂದ ಹೊಸದಕ್ಕೆ ಊರನ್ನು ಸಾಗಿಸುವಾಗ
ದಾರಿಯಲ್ಲಿ ಎಲ್ಲೋ ಹತ್ತಿಕೊಂಡದ್ದು,
ಅಗಲವಿಲ್ಲದ, ಬಣ್ಣವಿಲ್ಲದ ಒಂದು ಅಕ್ಷರ,
ಹೆಬ್ಬಸೆಯ ಕಂಕುಳಲ್ಲಿ ಕಚ್ಚಿ ಕೂತಿತ್ತು
ಎಷ್ಟು ವರ್ಷದಿಂದಲೋ.

ಕಿತ್ತೆ. ಕಡತದ ಉದ್ದಕ್ಕೂ ಹುಡುಕಿ ಕಿತ್ತೆ:
ಆರುನೂರ ಹದಿನೆಂಟು.
ಅಷ್ಟೂ ಹೊತ್ತು ಗುತ್ಯಮ್ಮ ಏಳಲಿಲ್ಲ,
ಟಿ.ಎ. ಬಿಲ್ಲಿನ ಮಾತೂ ಎತ್ತಲಿಲ್ಲ.

ಉತ್ತರ: 11.

ಪ್ರಿಂಟರು ಎರಡು ಸಲ ಹಾಳೆ ನುಂಗಿ
ಮೂರನೇ ಸಲ ಕೊಟ್ಟಿತು.
ಗುತ್ಯಮ್ಮ ಕನ್ನಡಕ ಮರೆತು ಬಂದಿದ್ದಳು,
ತೋಳಷ್ಟು ದೂರ ಹಿಡಿದು ಓದಿದಳು,
ಒಂದೊಂದು ಹೆಸರಿಗೂ ತುಟಿ ಅಲುಗಿಸಿ.
ಆರನೆಯದಕ್ಕೆ ಬೆರಳು ನಿಂತಿತು.

ಇದು ದ್ಯಾವಮ್ಮ ಅಲ್ಲ. ದ್ಯಾವಕ್ಕ.
ನನಗಿಂತ ಎರಡು ವರ್ಷಕ್ಕೆ ದೊಡ್ಡೋಳು.
ಅವತ್ತು ಬರೆಯೋವಾಗ ಕೈ ನಡುಗಿತ್ತು.

ಪೆನ್ನು ಕೇಳಿದಳು.
ಕೊಟ್ಟೆ.