ಕರೆಯುವ ಮನೆ

ಬನ್ನಿ, ಬೂಟು ಬಿಚ್ಚದಿದ್ದರೂ ಪರವಾಗಿಲ್ಲ.
ಹೋದ ಮಾರ್ಚಿನವರೆಗೆ ಇದು ಕರೆಯುವ ಮನೆ.
ಬೆಳಗಿನ ನಾಲ್ಕೂವರೆಗೊಂದು ಸಲ, ಮಧ್ಯಾಹ್ನ ಮೂರಕ್ಕೊಂದು ಸಲ
ನೂರಾ ಹದಿನೆಂಟು ಹಸು
ಆ ಬಾಗಿಲಿಂದ ಬಂದು ಈ ಬಾಗಿಲಿಂದ ಹೋಗುತ್ತಿದ್ದವು.
ಈಗಲೂ ಕರೆಯುತ್ತೇವೆ, ನಿಮ್ಮಂಥವರನ್ನು,
ಹಾಸಿಗೆಯ ಫೋಟೋ ತೋರಿಸಿ,
ಎರಡು ರಾತ್ರಿಗೆ ಕಡಿಮೆಯಿಲ್ಲದಂತೆ.

ಮೊದಲೇ ಹೇಳಿಬಿಡುತ್ತೇನೆ: ನೆಲ ವಾಲಿದೆ.
ಗಂಜಲ ಹರಿದುಹೋಗಲೆಂದು ಮಾವ ಹಾಕಿಸಿದ ವಾಟ.
ಕಾಂಕ್ರೀಟು ಒಡೆಯಲು ಬಂದವನು ಕೇಳಿದ ದುಡ್ಡಿಗೆ
ಇನ್ನೊಂದು ಕೊಟ್ಟಿಗೆಯನ್ನೇ ಕಟ್ಟಬಹುದಿತ್ತು.
ಹಾಗಾಗಿ ಮಂಚದ ಎರಡು ಕಾಲಿಗೆ ಮರದ ಚಕ್ಕೆ.
ಕಿತ್ತಳೆ ಕೈಜಾರಿದರೆ ಹುಡುಕಬೇಡಿ,
ಬಚ್ಚಲ ಮೂಲೆಯಲ್ಲಿ ಇರುತ್ತದೆ.
ಬರ್ಮಿಂಗ್‌ಹ್ಯಾಮಿನ ಒಂದು ಮಗು ಇಡೀ ಭಾನುವಾರ
ಗೋಲಿ ಬಿಟ್ಟು, ಓಡಿ, ಹಿಡಿದು, ಮತ್ತೆ ಬಿಟ್ಟು
ಟೌಯಿ ನದಿಯ ಕಡೆ ತಿರುಗಿಯೂ ನೋಡಲಿಲ್ಲ.
ಅಪ್ಪ ಅಮ್ಮ ದುಡ್ಡು ಕೊಟ್ಟದ್ದು ನದಿಗೆ.

ನಿಮ್ಮ ಬಾಗಿಲ ಮೇಲೆ ಇನ್ನೂರ ಏಳು.
ಇರುವುದು ಮೂರೇ ಕೋಣೆ, ನಗಬೇಡಿ,
ಅದು ಅವಳ ಕಿವಿಯ ಓಲೆಯ ನಂಬರು.
ಮಗಳು ಹೆಲೆದ್ ನೀಲಿ ಬಣ್ಣದಲ್ಲಿ ಬರೆದಳು.
ಒದೆಯುವ ಹಸು. ಎಡಗಡೆಯಿಂದ ಹೋಗಬೇಕು.
ಗೆಥಿನ್ ಹೋದರೆ ಸೊರ ಬಿಡುವಳು,
ನಾನು ಹೋದರೆ ಹಾಲು ಮೇಲಕ್ಕೆಳೆದುಕೊಂಡು
ಗೋಡೆ ನೋಡುವಳು.

ಅತಿಥಿಗಳ ಪುಸ್ತಕದಲ್ಲಿ ಎಲ್ಲರೂ ಬರೆಯುವುದು ಒಂದೇ:
ಎಂಥ ಮೌನ!
ಪಂಪು ನಿಂತ ಆ ಮೌನಕ್ಕೆ
ಗೆಥಿನ್‌ಗೆ ಮೂರು ತಿಂಗಳು ನಿದ್ದೆ ಹತ್ತಲಿಲ್ಲ.

ಹಿಂದೆ ಹೊಳೆಯುತ್ತಿದೆಯಲ್ಲ, ಬಿಸಿನೀರ ತೊಟ್ಟಿ,
ಆರು ಜನ ಕೂರಬಹುದು.
ನಾಲ್ಕು ಸಾವಿರ ಲೀಟರು ಹಾಲು ತಣ್ಣಗಿಡುತ್ತಿದ್ದ ಪಾತ್ರೆ.
ಅರ್ಧಕ್ಕೆ ಕೊಯ್ಸಿ, ಅಂಚು ಉಜ್ಜಿಸಿ, ಒಲೆ ಇಡಿಸಿದ್ದು ನಾನೇ.
ಕೊನೆಯ ದಿನ ಟ್ಯಾಂಕರಿನ ದಿಲ್ವಿನ್
ಅಳತೆಕೋಲು ನೋಡಿ, ಚೀಟಿ ಬರೆದು,
ಎರಡು ಸಲ ಹಾರ್ನ್ ಹೊಡೆದು ಹೋದ ಮೇಲೆ
ಗೆಥಿನ್ ಅದರ ತಳ ತೊಳೆದ. ಮತ್ತೆ ತೊಳೆದ,
ನಾಳೆಯೂ ಹಾಲು ಬೀಳುತ್ತದೆಂಬಂತೆ.
ಗರಗಸದವನು ಬಂದ ದಿನ
ಬೇಲಿ ರಿಪೇರಿಯ ನೆಪದಲ್ಲಿ ಮೇಲಿನ ಹೊಲಕ್ಕೆ ಹೋದವನು
ಕತ್ತಲಾದ ಮೇಲೆ ಬಂದು, ಊಟಕ್ಕೆ ಕೂತು,
“ಹಾಲಿನ ಪಾತ್ರೇಲಿ ಜನ ಕೂರೋದಾ?” ಅಂದ.
ಅಷ್ಟೇ. ಆಲೂಗಡ್ಡೆ ತಿಂದ.

ನವೆಂಬರಿನಲ್ಲಿ ಒಂದು ಶುಕ್ರವಾರ
ಬರಬೇಕಾದವರು ಬರಲಿಲ್ಲ, ಕಾರು ಕೆಟ್ಟಿತಂತೆ.
ಒಲೆ ಆಗಲೇ ಉರಿದಿತ್ತು, ನೀರು ಹದವಾಗಿ ಕಾದಿತ್ತು.
ಸೌದೆ ದಂಡವಾಗುವುದು ಅವನಿಗೆ ಆಗಿಬರುವುದಿಲ್ಲ.
ಇಳಿದ, ಟೋಪಿ ತೆಗೆಯದೆ.
ಮೊಣಕೈವರೆಗೆ ಕಂದು, ಅಲ್ಲಿಂದಾಚೆ
ಬಿಸಿಲು ಕಾಣದ, ನನಗೊಬ್ಬಳಿಗೇ ಗೊತ್ತಿದ್ದ ಬಿಳುಪು.
ಮೂವತ್ತೊಂದು ವರ್ಷದಲ್ಲಿ
ಸಂಜೆ ಐದಕ್ಕೆ ಅವನು ಕೂತದ್ದನ್ನು ನಾನು ಕಂಡಿರಲಿಲ್ಲ.
ಆಲಿಕಲ್ಲು ಸಣ್ಣಗೆ ಬೀಳುತ್ತಿತ್ತು, ನೀರಿನಲ್ಲಿ ಸೊಯ್ ಎನ್ನುತ್ತಿತ್ತು.
ನಾನೂ ಇಳಿದೆ. ಎಡಗಡೆಯಿಂದ ಹೋಗಿ
ಪಕ್ಕದಲ್ಲಿ ಸುಮ್ಮನೆ ಕೂತೆ.
ಸೊರ ಬಿಟ್ಟ.

ಸರಿ. ಬೀಗದ ಕೈ ಇಲ್ಲಿದೆ, ಟವಲು ಗೂಡಿನಲ್ಲಿ.
ಜಗ್ಗಿನ ಹಾಲು ಲಾಂಡೈಲೋ ಪೇಟೆಯ ಅಂಗಡಿಯದು,
ಕೇಳುತ್ತಾರೆ ಎಲ್ಲರೂ, ಅದಕ್ಕೇ ಹೇಳಿದೆ.
ಎರಡು ಹಸು ಉಳಿಸಿಕೊಂಡಿದ್ದೇವೆ, ಮಕ್ಕಳು ಮುಟ್ಟಿ ನೋಡಲಿಕ್ಕೆ.
ಎರಡೂ ಬತ್ತಿದವು. ಒಂದಕ್ಕೆ ಹದಿನಾಲ್ಕು ವಯಸ್ಸು.
ನಸುಕಿನಲ್ಲಿ, ನಾಲ್ಕೂವರೆಯ ಹೊತ್ತಿಗೆ,
ಬಾಗಿಲಿಗೆ ಯಾರೋ ಒರಗಿ ಉಸಿರು ಬಿಟ್ಟಂತಾದರೆ
ದೀಪ ಹಾಕಬೇಡಿ, ಮಲಗಿಕೊಳ್ಳಿ.
ಅವಳು ಇನ್ನೂರ ಏಳು,
ಯಾರೂ ಕರೆಯದಿದ್ದರೂ ಬರುತ್ತಾಳೆ.