ಮೈಕಿನ ಮೇಲೆ ಬೈರಾಸು

ಕುಲಶೇಖರದ ಗೇರುಬೀಜ ಫ್ಯಾಕ್ಟರಿಯಲ್ಲಿ
ವಾರಿಜಕ್ಕನನ್ನು ಸೂಪರ್‌ವೈಸರ್ ಮಾಡಿದ ದಿನ
ನಾವು ತಟ್ಟೆಗೆ ಬಾಗಿ ನಕ್ಕಿದ್ದೇ ನಕ್ಕಿದ್ದು:
ಇವಳ ದನಿ ಪಕ್ಕದ ಸ್ಟೂಲಿಗೇ ಮುಟ್ಟುವುದಿಲ್ಲ ಮಾರಾಯ್ತಿ!

ಹಿಂದಿನವರು ಬಿಟ್ಟುಹೋದ ಮೈಕಿನ ಮೇಲೆ
ಅವಳು ಬೈರಾಸು ಒಣಗಿಸಿದಳು.

ಒಂದು ವಾರ ಏನೂ ಹೇಳಲಿಲ್ಲ.
ಒಬ್ಬೊಬ್ಬರ ಬದಿಗೆ ಕೂತು ಸಿಪ್ಪೆ ತೆಗೆದಳು.
ಐರಿನಳ ಕಣ್ಣು ಮಂಜಾದದ್ದು,
ಜುಲೇಖಾಳ ಕೂಸು ನಾಲ್ಕೂವರೆಗೆ ಹಾಲಿಗೆ ಅಳುವುದು,
ಮೂರನೇ ಸಾಲಿನ ಟ್ಯೂಬ್‌ಲೈಟು ಮಿಣುಕಿದಾಗೆಲ್ಲ ಕತ್ತಿ ಜಾರುವುದು,
ಯಾರು ಹೇಳಿದರು ಇವಳಿಗೆ?

ನಾವೇ.
ಅವಳು ಖಾಲಿ ಬಿಟ್ಟ ಜಾಗಕ್ಕೆ
ನಮ್ಮ ಮಾತು ತಾನಾಗಿ ಬಂದು ಕೂತಿತ್ತು.

ತುಂಡು ಹೆಚ್ಚಾಯಿತು, ಕೂಲಿ ಕಡಿಯಿರಿ ಎಂದು
ಧಣಿ ಮೇಜು ಗುದ್ದಿದ ದಿನ
ಸೆರಗಿನ ಗಂಟಿನಿಂದ ಚೀಟಿ ಬಿಚ್ಚಿ ಓದಿದಳಂತೆ.
ನಾಲ್ಕೇ ಸಾಲು, ಬರೀ ಲೆಕ್ಕ.
ಕೈ ನಡುಗುತ್ತಿತ್ತು, ಎಂದ
ಚಾ ಕೊಟ್ಟು ಬಂದ ಹುಡುಗ.

ಶನಿವಾರ ಕೂಲಿ ಪೂರಾ ಬಂತು.
ಸೋಮವಾರ ಹೊಸ ಟ್ಯೂಬು,
ಐರಿನಳ ಸ್ಟೂಲು ಕಿಟಕಿಯ ಬದಿಗೆ.

ಮಧ್ಯಾಹ್ನ ಈಗಲೂ ಬಾಯ್ಲರಿನ ಹಿಂದೆ
ಒಬ್ಬಳೇ ಗಂಜಿ ಉಣ್ಣುತ್ತಾಳೆ.
ಹೊಸ ಹುಡುಗಿಯರು ಉಪ್ಪಿನಕಾಯಿ ಹಿಡಿದು ಹೊರಟರೆ
ನಾವು ಸೆರಗು ಜಗ್ಗಿ ಕೂರಿಸುತ್ತೇವೆ:
ಬೇಡ, ಆ ಅರ್ಧ ಗಂಟೆ ಅವಳದು.